ನೀಲವ್ವನ ತಲೆಗೆ ನಾವು ಇಟ್ಟ ಹೆರಳು

ಟಿವಿಗಾಗಿ ಉದ್ಯಮಿ ಹೆಂಗಸರನ್ನು ಮಾತನಾಡಿಸಲು ಹೊರಟಿರುವ ಹುಡುಗ ಹುಡುಗಿಯರು ಮೊದಲು ವಿಚಾರಿಸಬೇಕಾದದ್ದು ಆಕೆಯ ಬಂಡವಾಳ ಎಷ್ಟು ಎಂದಲ್ಲ. ಆ ಮನೆಯಲ್ಲಿ ಅಡುಗೆ ಮಾಡುವವರು ಯಾರು ಎಂದು. ನನಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಧಾರವಾಡದಲ್ಲಿ ಸಮಾಜಶಾಸ್ತ್ರದ ಎಂ.ಎ. ಮಾಡುವಾಗ ಕುಟುಂಬ ಎಂಬ ಸಂಸ್ಥೆಯ ಬಗ್ಗೆ ದಪ್ಪ ದಪ್ಪ ಪುಸ್ತಕ ಓದಿದ್ದೆ. ಅವುಗಳಲ್ಲಿ ರೊಟ್ಟಿ ಬಡಿಯುವವರ ಪ್ರಸ್ತಾಪ ಇದ್ದಂತೆ ನೆನಪಿಲ್ಲ. ಇದ್ದರೂ ಇದ್ದಿರಬಹುದು. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ, ನೀವೂ ಅರ್ಧ ಕಳೆದು ಓದಿ.

ಒಂದು ಕನ್ನಡ ವಾಹಿನಿಗೆ ಕೊಪ್ಪಳದಲ್ಲಿ ಕುಳಿತು ಕಾರ್ಯಕ್ರಮ ಮಾಡಿಕೊಡುವುದು ನನ್ನ ಕೆಲಸವಾಗಿತ್ತು. ನಿವೃತ್ತಿಗೆ ಮುಂಚಿನ ವರ್ಷಗಳೆಲ್ಲ ‘ಗೆದ್ದ ಗೌರಿ’ ಎಂಬ ಭಾನುವಾರದ ಅರ್ಧ ಗಂಟೆಗೆ ಹೋದವು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸುತ್ತಿ ಸ್ವಂತ ವ್ಯಾಪಾರದಲ್ಲಿ ಮುಂದೆ ಬಂದ ಹೆಂಗಸರನ್ನು ಹುಡುಕಬೇಕು, ಅವರ ಬದುಕನ್ನು ತೋರಿಸಬೇಕು. ಹುಡುಕುವುದು ಸುಲಭವಿತ್ತು. ತೋರಿಸುವಾಗ ಅವರು ಬೇರೆ ಯಾರೋ ಆಗಿಬಿಡುತ್ತಿದ್ದರು. ಹಾಗೆ ಬೇರೆ ಯಾರೋ ಆದವರಲ್ಲಿ ಭಾಗ್ಯನಗರದ ಕೂದಲ ವ್ಯಾಪಾರಿ ನೀಲವ್ವ ಒಬ್ಬಳು. ನಮ್ಮ ಅರ್ಧ ಗಂಟೆಯ ದೆಸೆಯಿಂದ ಆಕೆ ಕಟ್ಟಿದ ಶೆಡ್ಡು ಬಾಗಿಲು ಹಾಕುವ ಹಂತಕ್ಕೆ ಬಂದಿತ್ತು. ಅದನ್ನು ಹೇಳಲೆಂದೇ ಬರೆಯಲು ಕುಳಿತಿದ್ದೇನೆ. ಆದರೆ ನಮ್ಮ ಕೆಲಸದ ರೀತಿಯನ್ನು ಮೊದಲು ಹೇಳದಿದ್ದರೆ, ಓದಿದವರು ನಾನು ಅಷ್ಟು ದಡ್ಡನಾಗಿರಲು ಸಾಧ್ಯವಿಲ್ಲ ಎಂದುಕೊಂಡಾರು.

ಪ್ರತಿ ಕಂತಿನಲ್ಲೂ ಕೆಲವು ದೃಶ್ಯಗಳು ಕಡ್ಡಾಯ. ಆಕೆ ದೇವರ ಮುಂದೆ ದೀಪ ಹಚ್ಚಬೇಕು. ಅಡುಗೆಮನೆಯಲ್ಲಿ ಏನಾದರೂ ಬೇಯಿಸಬೇಕು. ಗಂಡ ಬಾಗಿಲಿಗೆ ಆತು ನಿಂತು “ನನ್ನ ಪೂರ್ತಿ ಸಹಕಾರ ಐತ್ರಿ” ಅನ್ನಬೇಕು. ಕೊನೆಗೆ ಆಕೆ ಅಳಬೇಕು. ಬೆಂಗಳೂರಿನಲ್ಲಿದ್ದ ನಮ್ಮ ಮುಖ್ಯಸ್ಥೆ, ನಾವೆಲ್ಲ ಮೇಡಂ ಅನ್ನುತ್ತಿದ್ದವರು, ಶೂಟಿಂಗ್ ಮುಗಿಯುವ ಮೊದಲೇ ಫೋನ್ ಮಾಡುತ್ತಿದ್ದರು. “ಸರ್, ಅತ್ರಾ?” ಎಂಬುದು ಅವರ ಮೊದಲ ಪ್ರಶ್ನೆ. ಟೇಪಿನ ಕಾಲ ಹೋಗಿ ಕಾರ್ಡು ಬಂತು, ಕಾರ್ಡಿನ ಕಾಲ ಹೋಗಿ ಮೊಬೈಲಿನಲ್ಲೇ ಚಿತ್ರ ಕಳಿಸುವ ಕಾಲ ಬಂತು, ಆ ಪ್ರಶ್ನೆ ಮಾತ್ರ ಬದಲಾಗಲಿಲ್ಲ.

“ಮೇಡಂ, ಇವರು ಅಳೋ ಪೈಕಿ ಅಲ್ಲ,” ಎಂದು ಒಮ್ಮೆ ಹೇಳಿದ್ದೆ.

“ನೋಡಿ ಸರ್, ಜನಕ್ಕೆ ಒಂದೋ ದೇವಿ ಬೇಕು, ಇಲ್ಲಾ ಧಾರಾವಾಹಿ ಅತ್ತೆ ಬೇಕು. ಮಧ್ಯದಲ್ಲಿ ಇರೋರನ್ನ ಯಾರು ನೋಡ್ತಾರೆ?”

ಇದಕ್ಕೆ ನನ್ನಲ್ಲಿ ಮೂರು ಬಗೆಯ ಸೈದ್ಧಾಂತಿಕ ಆಕ್ಷೇಪಗಳಿದ್ದವು. “ಆಯ್ತು ಮೇಡಂ,” ಎಂದೆ.

ಕುಷ್ಟಗಿಯಲ್ಲಿ ಶಾರದಾ ಎಂಬಾಕೆ ಇದ್ದಳು. ಊರೂರಿಗೆ ಖಡಕ್ ಜೋಳದ ರೊಟ್ಟಿ ಕಳಿಸುವ ವ್ಯಾಪಾರ. ನಮಗೆ ರೊಟ್ಟಿ ಬಡಿಯುವ ದೃಶ್ಯ ಬೇಕಿತ್ತು. ಕ್ಯಾಮೆರಾಮನ್ ಖಾಜಾ ಒಲೆಯ ಮುಂದೆ ಕೋನ ನೋಡಿ ಕುಳಿತ. ಆಕೆ ಮಾತ್ರ ಬಾಗಿಲಲ್ಲೇ ನಿಂತಿದ್ದಳು.

“ನನಗ ರೊಟ್ಟಿ ಬರಂಗಿಲ್ಲಲ್ರಿ ಸರ.”

“ರೊಟ್ಟಿ ವ್ಯಾಪಾರ ನಿಮ್ಮದಲ್ಲೇನ್ರಿ?”

“ವ್ಯಾಪಾರ ನಂದು. ರೊಟ್ಟಿ ನಮ್ಮತ್ತೀದು. ಸಿಮೆಂಟ್ ಮಾರಾವ ಗ್ವಾಡಿ ಕಟ್ತಾನೇನ್ರಿ?”

ಆಕೆಯ ಮುಖ, ಅತ್ತೆಯ ಕೈ ಸೇರಿಸಿ ರೊಟ್ಟಿ ಬಡಿಯುವ ದೃಶ್ಯ ಕಟ್ಟಿದೆವು. ಪ್ರಸಾರವಾದ ಮರುದಿನ ತಾವರಗೇರಾದಿಂದ ಒಬ್ಬ ಅಜ್ಜಿ ಫೋನ್ ಮಾಡಿದಳು. “ತಮ್ಮಾ, ರೊಟ್ಟಿ ಬಡಿಯೂ ಮುಂದ ಆಕಿ ಕೈತುಂಬ ಹಚ್ಚಿ ಇತ್ತು. ಮಾತಾಡೂ ಮುಂದ ಒಂದೂ ಇಲ್ಲ. ಒಲಿ ಕಾವಿಗೆ ಕರಗಿತೇನಪಾ?” ಅತ್ತೆಯ ಮೊಣಕೈವರೆಗೆ ಹಸಿರು ಹಚ್ಚೆ ಇತ್ತು. ನಾನೂ ನೋಡಿದ್ದೆ, ಖಾಜಾನೂ ನೋಡಿದ್ದ. ಇಬ್ಬರೂ ಅದನ್ನು ಎಷ್ಟು ಚೆನ್ನಾಗಿ ಬಂದಿದೆ ಎಂದೇ ನೋಡಿದ್ದೆವು.

ಗಂಗಾವತಿ ಕಡೆ, ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪೊಂದರ ಸತ್ಯವತಿಯದು ಇದರ ತದ್ವಿರುದ್ಧ ಕಥೆ. ಅಕ್ಕಿ ಗಿರಣಿಯ ಒಡತಿ. ಬಲು ನಾಚಿಕೆಯ ಹೆಂಗಸು. ಲಾರಿ ತೂಗುವಲ್ಲಿ ಸ್ಟೂಲು ಹಾಕಿಕೊಂಡು, ಹೋಗಿಬರುವ ಹಮಾಲರ ಜೊತೆ ಮಕ್ಕಳುಮರಿ ವಿಚಾರ ಮಾತಾಡುತ್ತಾ ಕುಳಿತಿರುವವಳು. ಈ ಸಲ ಮೇಡಂಗೆ ಧಾರಾವಾಹಿ ಅತ್ತೆ ಬೇಕಾಗಿತ್ತು. ನಮ್ಮ ಕಾರ್ಯಕ್ರಮದ ನಿರೂಪಕಿಯ ಕಪ್ಪು ಕನ್ನಡಕ ತೊಡಿಸಿ ಸತ್ಯವತಿಯನ್ನು ಕಾರಿನಿಂದ ಇಳಿಸಿದೆವು. ಹಮಾಲರು ಸಾಲಾಗಿ ಕೈ ಮುಗಿಯಬೇಕಿತ್ತು. ಅವರಲ್ಲೊಬ್ಬ ಹಿರಿಯ ತಲೆಯ ಟವೆಲು ತೆಗೆದು, “ಯಾರ್ ತೀರಿಕೊಂಡ್ರೀ ಅವ್ವಾರ?” ಎಂದು ಕೇಳಿದ. ಸತ್ಯವತಿಗೆ ನಗು ತಡೆಯಲಾಗಲಿಲ್ಲ. ಆ ನಗುವನ್ನು ಕತ್ತರಿಸಿ ಹಾಕಿ, ಉಳಿದದ್ದಕ್ಕೆ ‘ಉಕ್ಕಿನ ಮಹಿಳೆ’ ಎಂದು ಹಿನ್ನೆಲೆ ಧ್ವನಿ ಕೊಟ್ಟೆವು. ಕೆಲ ದಿನಗಳ ಮೇಲೆ ಆಕೆಯ ಫೋನು: “ಸರ್, ಈಗ ನನ್ನ ಕಂಡ್ರೆ ಎಲ್ಲರೂ ಎದ್ದು ನಿಂದಿರ್ತಾರಂಡಿ. ಮಾತಾಡೋಕೆ ಒಬ್ರೂ ಸಿಗವಲ್ರು. ನಾನು ಅಂಥಾಕಿ ಅಲ್ಲಂತ ಇನ್ನೊಂದು ಸಲ ಟಿವಿಯಾಗ ಹೇಳ್ರಂಡಿ.” ನಮ್ಮ ವಾಹಿನಿಯಲ್ಲಿ ಹಾಗೆ ಹೇಳುವ ಕಾರ್ಯಕ್ರಮ ಇರಲಿಲ್ಲ.

ಈಗ ನೀಲವ್ವ.

ಹೆಂಗಸರು ತಲೆ ಬಾಚಿದಾಗ ಉದುರಿದ ಕೂದಲನ್ನು ಉಂಡೆ ಮಾಡಿ ಗೋಡೆಯ ಸಂದಿಯಲ್ಲಿ ಇಡುತ್ತಾರಲ್ಲ, ಅದನ್ನು ಪಾತ್ರೆ ಪಿನ್ನು ಮಾರುವವರು ಊರೂರು ತಿರುಗಿ ವಿನಿಮಯಕ್ಕೆ ಪಡೆಯುತ್ತಾರೆ. ಆ ಉಂಡೆಗಳು ಚೀಲಗಟ್ಟಲೆ ನೀಲವ್ವನ ಶೆಡ್ಡಿಗೆ ಬರುತ್ತಿದ್ದವು. ಸುತ್ತಲಿನ ಓಣಿಗಳಿಂದ, ಗಿಣಿಗೇರಾ ಕಡೆಯಿಂದ ಬರುವ ಹೆಣ್ಣುಮಕ್ಕಳು ನೆಲದ ಮೇಲೆ ಕುಳಿತು ಸಿಕ್ಕು ಬಿಡಿಸಿ, ಮೊಳೆ ಹಲಗೆಯ ಮೇಲೆ ಎಳೆದು, ಉದ್ದ ನೋಡಿ ಕಟ್ಟು ಕಟ್ಟುತ್ತಿದ್ದರು. ನೀಲವ್ವ ಅವರ ನಡುವೆಯೇ ಕುಳಿತಿರುತ್ತಿದ್ದಳು. ಮೊದಲು ಆಕೆಯೂ ಬೇರೆಯವರ ಶೆಡ್ಡಿನಲ್ಲಿ ಸಿಕ್ಕು ಬಿಡಿಸಿದವಳೇ. ಬಾಯಿ ಒಂದು ಕ್ಷಣ ಸುಮ್ಮನಿರುತ್ತಿರಲಿಲ್ಲ. “ಏ ಗಂಗೀ, ನೀ ನಿದ್ದಿ ಮಾಡಾಕತ್ತಿಯೋ, ನಿನ್ನ ಕೈ ನಿದ್ದಿ ಮಾಡಾಕತ್ತಾವೋ?” ಬೈಸಿಕೊಂಡ ಗಂಗವ್ವ ನಗುತ್ತಿದ್ದಳು, ಉಳಿದವರು ತಮ್ಮ ಸರದಿಗೆ ಕಾಯುತ್ತಿದ್ದರು.

ಆ ಶೆಡ್ಡಿಗೆ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಮಾಲು ತಲೆಗೆ ಏರಬಾರದು. ಕೂದಲಿಗೆ ಗುರುತು ಹಾಕಲು ಬರುವುದಿಲ್ಲ. ಯಾರಾದರೂ ಚೌರಿ, ಅಂದರೆ ಸೇರಿಸಿ ಹೆಣೆಯುವ ಕಟ್ಟುಗೂದಲು ಇಟ್ಟುಕೊಂಡರೆ, ಅದು ಮನೆಯಿಂದ ಬಂದದ್ದೋ ಚೀಲದಿಂದ ಹೊರಟದ್ದೋ ಯಾರೂ ಹೇಳಲಾರರು. ಹಾಗಾಗಿ ಮೋಟುಗೂದಲಿನವರೂ ಮೋಟುಗೂದಲಲ್ಲೇ ಬರಬೇಕು, ಹಾಗೇ ಹೋಗಬೇಕು. ಹುಲಿಗೆವ್ವ ಎಂಬಾಕೆ ಮಗಳ ನಿಶ್ಚಯದ ದಿನ ಫೋಟೋಕ್ಕೆಂದು ಶೆಡ್ಡಿನ ಚೌರಿಯೊಂದನ್ನು ಮುಡಿದಿದ್ದಳು. ಮರುದಿನ ತಂದಿಡುವ ಮನಸ್ಸೇ ಇತ್ತಂತೆ. ನೀಲವ್ವ ಆ ಮನೆಯ ಬಾಗಿಲಲ್ಲೇ ಎಲ್ಲರೆದುರು ಅದನ್ನು ಬಿಚ್ಚಿಸಿಕೊಂಡು, “ಮಾಲು ತಲಿಗೇರಿಸಿದಾಕಿ ನನ್ನ ಶೆಡ್ಡಿನ್ಯಾಗ ಕಾಲಿಡಂಗಿಲ್ಲ,” ಎಂದಳು. ಇಬ್ಬರೂ ಹಿಂದೆ ಒಂದೇ ಚೀಲದ ಮುಂದೆ ಕುಳಿತು ಸಿಕ್ಕು ಬಿಡಿಸಿದ ಗೆಳತಿಯರು. ಹುಲಿಗೆವ್ವ ಗಿಣಿಗೇರಾದ ಕಾರ್ಖಾನೆ ಪಕ್ಕದ ಖಾನಾವಳಿಯೊಂದರಲ್ಲಿ ಪಾತ್ರೆ ತೊಳೆಯಲು ಸೇರಿದಳು.

ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಶೂಟಿಂಗಿಗೆ ಹೋಗುವಾಗ ಕೂದಲ ರಫ್ತಿನ ಬಗ್ಗೆ ಮಾತ್ರ ಓದಿಕೊಂಡು ಹೋಗಿದ್ದೆ.

ಕೆಲಸದ ದೃಶ್ಯಗಳನ್ನು ಮೊದಲೇ ತೆಗೆದಾಗಿತ್ತು. ನೀಲವ್ವನ ಮಾತಿಗೆ ಅಮಾವಾಸ್ಯೆಯ ರಜೆಯ ದಿನ ಗೊತ್ತು ಮಾಡಿದೆವು. ಶೆಡ್ಡಿನಲ್ಲಿ ಆಕೆ, ಆಕೆಯ ಗಂಡ ಸಂಗಪ್ಪ ಮತ್ತು ನಾವು. ಅಡುಗೆ ಸಂಗಪ್ಪನದೇ ಎಂದು ಕೇಳಿ ತಿಳಿದಿದ್ದೆ. ಅಷ್ಟು ಬುದ್ಧಿ ಬಂದಿತ್ತು. ನಿರೂಪಕಿ, ಬೆಂಗಳೂರಿನ ಹುಡುಗಿ, ಮೆತ್ತಗಿನ ಧ್ವನಿಯಲ್ಲಿ ಕೇಳಿದಳು:

“ಅಮ್ಮಾ, ಕಷ್ಟದ ದಿನಗಳನ್ನ ನೆನೆಸಿಕೊಂಡ್ರೆ ಏನನ್ಸುತ್ತೆ?”

“ಅವನ್ನ ಯಾಕ ನೆನಸ್ಲಿ ಯವ್ವಾ? ಅವೇನ್ ನನ್ನ ನೆನಸ್ತಾವೇನು?”

ಮತ್ತೆ ಮತ್ತೆ ಕೇಳಿದಳು, ಕಣ್ಣು ಒದ್ದೆಯಾಗಲಿಲ್ಲ. ಶೆಡ್ಡಿನ ಧೂಳಿಗೆ ಒಮ್ಮೆ ನೀಲವ್ವ ಸೆರಗಿನಿಂದ ಕಣ್ಣುಜ್ಜಿಕೊಂಡಳು. ಖಾಜಾ ಅದನ್ನು ಹಿಡಿದುಕೊಂಡ. ಅದೇ ನಮ್ಮ ಕಣ್ಣೀರು. ಆದರೆ ಆ ಗಳಿಗೆಯಲ್ಲಿ ತಲೆಯ ಮೇಲಿನ ಸೆರಗು ಜಾರಿತು. ಹಳೆಯ ಜ್ವರವೊಂದರಲ್ಲಿ ಆಕೆಯ ಕೂದಲು ಉದುರಿತ್ತು. ಆಮೇಲೆ ಬಂದದ್ದು ತೆಳ್ಳಗೆ, ಅದನ್ನೂ ಕತ್ತರಿಸಿಕೊಂಡಿದ್ದಳು. ವಿಡಿಯೋ ಕಾಲಿನಲ್ಲಿದ್ದ ಮೇಡಂ ಕೂಗಿದರು: “ಸರ್, ಕೂದಲು ವ್ಯಾಪಾರಿ ತಲೇಲಿ ಕೂದಲೇ ಇಲ್ಲ ಅಂದ್ರೆ ಜನ ನಗ್ತಾರೆ! ಏನಾದ್ರೂ ಮಾಡಿ.”

ಗೋಡೆಯ ಮೇಲೆ ಗಿರಾಕಿಗಳಿಗೆ ತೋರಿಸಲು ತೂಗುಹಾಕಿದ ಉದ್ದದ ಹೆರಳೊಂದು ಇತ್ತು. ಅದನ್ನು ಇಡೋಣ ಎಂದು ನಮ್ಮ ಮೇಕಪ್ ಹುಡುಗಿ ಹೇಳಿದಳು. ಇದು ನನಗೆ ಸ್ಪಷ್ಟವಾಗಿ ನೆನಪಿದೆ. ಅವಳ ಕೈಯ ಹಸಿರು ಬಳೆ ಕೂಡ ನೆನಪಿದೆ. ಆದರೂ ಬರೆಯುವ ಮುನ್ನ ಖಾತ್ರಿಗೆಂದು ಖಾಜಾನಿಗೆ ಫೋನ್ ಮಾಡಿದೆ. ಅವನೀಗ ಮದುವೆಗಳಲ್ಲಿ ಡ್ರೋನ್ ಹಾರಿಸುತ್ತಾನೆ.

“ಸರ, ಅವತ್ತು ಮೇಕಪ್ ಹುಡುಗಿ ಬಂದಿರಲೇ ಇಲ್ಲ,” ಅಂದ. “ಆಕಿಗೆ ಗಂಗಾವತಿ ಬಸ್ ತಪ್ಪಿತ್ತು. ಗ್ವಾಡಿ ಕಡೆ ಬೊಟ್ಟು ಮಾಡಿದವ್ರು ನೀವಽ.”

“ಖಾತ್ರಿ ಐತೇನೋ?”

“ಕ್ಯಾಮೆರಾ ನನ್ನ ಕೈಯಾಗಿತ್ತಲ್ರಿ ಸರ.”

ಬಾರದ ಹುಡುಗಿಯ ಬಳೆ ನನಗೆ ಇಷ್ಟು ಹಸಿರಾಗಿ ಹೇಗೆ ನೆನಪಿದೆ ಎಂದು ಇಂದಿಗೂ ತಿಳಿಯದು. ಸಮಾಜಶಾಸ್ತ್ರದಲ್ಲಿ ಇದಕ್ಕೊಂದು ಹೆಸರಿರಬೇಕು, ಅದೂ ಮರೆತಿದೆ.

ಯಾರು ಹೇಳಿದರೂ, ನೀಲವ್ವ ಒಪ್ಪಲಿಲ್ಲ ಎಂಬುದರಲ್ಲಿ ಖಾಜಾನಿಗೂ ನನಗೂ ಒಮ್ಮತವಿದೆ. “ಬ್ಯಾಡ್ರಿ. ಮಾಲು ತಲಿಗೆ ಇಡಂಗಿಲ್ಲ ನಮ್ಮಲ್ಲಿ,” ಎಂದಳು. ಇಲ್ಲಿ ನನ್ನ ಎಂ.ಎ. ಎದ್ದು ಕುಳಿತಿತು. ಯಾರದೋ ಕೂದಲು, ಮೈಲಿಗೆ, ಅಪಶಕುನ. ಇದು ಮೂಢನಂಬಿಕೆಯೇ ಸೈ ಎಂದು ತೀರ್ಮಾನಿಸಿ, ವೈಜ್ಞಾನಿಕ ಮನೋಭಾವದ ಬಗ್ಗೆ ಸುಮಾರು ಹೊತ್ತು ವಿವರಿಸಿದೆ. ಆಕೆ ಬಾಯಿ ತೆರೆದುಕೊಂಡು ಕೇಳಿಸಿಕೊಂಡಳು. ನಂಬಿಕೆಯ ಮಾತೇ ಅಲ್ಲ, ಕಳವಿನ ಮಾತು ಎಂದು ಹೇಳಲು ನಾನು ನಡುವೆ ಜಾಗ ಬಿಟ್ಟಿದ್ದರೆ ಹೇಳುತ್ತಿದ್ದಳೋ ಏನೋ.

ಕೊನೆಗೆ ನಿರೂಪಕಿ ಹೆರಳನ್ನು ಸುಮ್ಮನೆ ಆಕೆಯ ಹೆಗಲ ಮೇಲೆ ಇಟ್ಟು ಕನ್ನಡಿ ಹಿಡಿದಳು. ನೀಲವ್ವನ ಬಾಯಿ ಆಗ ಮೊದಲ ಬಾರಿಗೆ ನಿಂತಿತು. ಹೆರಳಿನ ತುದಿ ಮುಟ್ಟಿ ನೋಡಿದಳು. “ಟಿವ್ಯಾಗಿನ ಹೆಂಗಸ್ರು ಹಿಂಗಽ ಇರ್ತಾರಲ್ರಿ?” ಎಂದಳು. ನಾನು ಹೌದೆಂದೆ. ಒಂದೇ ಒಂದು ಸಲ ಎಂದು ಇಟ್ಟುಕೊಂಡಳು. ಬಾಗಿಲಲ್ಲಿ ನಿಂತಿದ್ದ ಸಂಗಪ್ಪ ಹೆಂಡತಿಯನ್ನು ನೋಡಿದವನು, ನಾವು ಹೇಳಿಕೊಟ್ಟಿದ್ದ ಪೂರ್ತಿ ಸಹಕಾರದ ಮಾತನ್ನು ಮರೆತೇಬಿಟ್ಟ.

ಭಾನುವಾರ ಪ್ರಸಾರವಾಯಿತು. ಉದ್ದ ಹೆರಳಿನ ನೀಲವ್ವ ದೀಪ ಹಚ್ಚಿದಳು. ತಲೆ ಕಾಣದಂತೆ ಕತ್ತರಿಸಿದ ಚಿತ್ರದಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ‘ತನ್ನ ಕೆಲಸಗಾರ ಹೆಣ್ಣುಮಕ್ಕಳ ಕಷ್ಟ ನೆನೆದು ಕರಗಿದ ಮಹಾತಾಯಿ’ ಎಂದು ಹಿನ್ನೆಲೆ ಧ್ವನಿ ಹೇಳಿತು. ಮೇಡಂ ಮೆಚ್ಚಿದರು. ನಾನೂ ಮೆಚ್ಚಿದೆ.

ಸೋಮವಾರ ಬೆಳಿಗ್ಗೆ ಸಂಗಪ್ಪನ ಫೋನು. “ಸರ, ಲಗೂ ಬರ್ರಿ. ಹೆಣ್ಮಕ್ಳು ಒಳಗ ಬರವಲ್ರು.”

ಖಾಜಾನ ಜೊತೆ ಹೋಗಿ ನೋಡಿದರೆ ಹೆಂಗಸರೆಲ್ಲ ಬುತ್ತಿಗಂಟು ಹಿಡಿದು ಓಣಿಯಲ್ಲಿ ನಿಂತಿದ್ದಾರೆ. ಎದುರಿನ ಕೂದಲ ಶೆಡ್ಡಿನ ಮಾಲೀಕ ತನ್ನ ಬಾಗಿಲಲ್ಲಿ ನಿಂತು, “ನಮ್ಮಲ್ಲೆ ಜಾಗ ಭಾಳ ಐತ್ರೆವ್ವಾ,” ಎಂದು ಯಾರಿಗೂ ಹೇಳದವನಂತೆ ಎಲ್ಲರಿಗೂ ಹೇಳುತ್ತಿದ್ದಾನೆ. ಅವರೆಲ್ಲ ಓಣಿ ದಾಟಿದರೆ ಸಾಕು, ನೀಲವ್ವನ ಶೆಡ್ಡು ಮುಗಿದಂತೆ. ಸಿಕ್ಕು ಬಿಡಿಸುವ ಕೈಗಳಿಲ್ಲದೆ ಚೀಲಗಳನ್ನು ಇಟ್ಟುಕೊಂಡು ಆಕೆ ಮಾಡುವುದೇನೂ ಇರಲಿಲ್ಲ.

ಗಂಗವ್ವ ನನ್ನನ್ನು ನೋಡಿದ್ದೇ, “ಬಂದ್ರು ನೋಡ್ರೆ, ಮಾತಾಯೀನ ಹುಟ್ಟಿಸಿದವ್ರು,” ಎಂದಳು. “ಹುಲಿಗೆವ್ವ ಮಗಳ ನಿಶ್ಚೆಕ್ಕ ಇಟ್ಟುಕೊಂಡ್ರ ಕಳ್ಳಿ. ಈಕಿ ಟಿವ್ಯಾಗ ಇಟ್ಟುಕೊಂಡ್ರ ಮಾತಾಯಿ. ಹೆಂಗ್ರೀ ಸರ ಇದು?”

ಆಗಲೇ ನನಗೆ ನಿಯಮ, ಹುಲಿಗೆವ್ವನ ಕಥೆ ಎರಡೂ ಒಟ್ಟಿಗೆ ತಿಳಿದದ್ದು. ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಆದರೆ ಓದಿದ ಮನುಷ್ಯ. ಕಟ್ಟೆ ಹತ್ತಿ ನಿಂತು, ಟಿವಿಯಲ್ಲಿ ಕಂಡದ್ದು ನಿಜವಾದ ನೀಲವ್ವ ಅಲ್ಲ, ಅದು ಮಾಧ್ಯಮ ಕಟ್ಟಿಕೊಂಡ ನೀಲವ್ವ, ಎರಡನ್ನೂ ಬೇರ್ಪಡಿಸಿ ನೋಡಬೇಕು ಎಂದು ಶುರು ಮಾಡಿದೆ.

“ಹೆರಳು ಈ ಶೆಡ್ಡಿಂದಽ ಹೌದಲ್ರಿ?” ಗಂಗವ್ವ ಕೇಳಿದಳು.

“ಹೌದು.”

“ಅದು ಏರಿದ್ದು ಯಾರ ತಲಿಗೆ? ನಿಜವಾದಾಕಿ ತಲಿಗೋ, ನೀವು ಕಟ್ಟಿದಾಕಿ ತಲಿಗೋ?”

ಹೆಂಗಸರೆಲ್ಲ ನಕ್ಕರು. ನಾನು ಕಟ್ಟೆ ಇಳಿದೆ. ಅಷ್ಟರಲ್ಲಿ ನೀಲವ್ವ ಒಳಗಿನಿಂದ ಬಂದಳು. ತಲೆಯ ಮೇಲೆ ಸೆರಗು ಇರಲಿಲ್ಲ. ಆ ಮೋಟುಗೂದಲನ್ನು ಓಣಿಯವರು ಹಾಗೆ ಹಗಲಿನಲ್ಲಿ ನೋಡಿದ್ದು ಅದೇ ಮೊದಲಿರಬೇಕು. ಇದನ್ನು ಖಾಜಾನೂ ಒಪ್ಪುತ್ತಾನೆ.

“ನೀಲಕ್ಕಾ, ಹೇಳ್ರಿ ಇವರಿಗೆ, ನಾವಽ ಒತ್ತಾಯ ಮಾಡಿದ್ವಿ ಅಂತ,” ಎಂದೆ.

“ಸುಮ್ನಿರ್ರಿ ಸರ. ಯಾರ್ ಹೇಳಿದ್ರೇನು, ತಲಿ ನಂದು.” ಆಕೆ ಗಂಗವ್ವನ ಕಡೆ ತಿರುಗಿದಳು. “ಹುಲಿಗೆವ್ವಗ ಏನಂದಿದ್ನೆ ನಾನು?”

“ಮಾಲು ತಲಿಗೇರಿಸಿದಾಕಿ ಒಳಗ ಕಾಲಿಡಂಗಿಲ್ಲ ಅಂದಿದ್ದಿ.”

“ಹಂಗಾರ ನಾನೂ ಇಡಂಗಿಲ್ಲ.”

ಒಳಗಿನಿಂದ ಒಂದು ಗೋಣಿಚೀಲ ತರಿಸಿ, ಬಾಗಿಲ ಹೊರಗೆ ಕಿಟಕಿಯ ಕೆಳಗೆ ಹಾಸಿ ಕುಳಿತಳು. ಸಂಗಪ್ಪನನ್ನು ಕರೆದು, “ಗಾಡಿ ತಗೊಂಡು ಗಿಣಿಗೇರಾಕ್ಕ ಹೋಗ್ರಿ. ಹುಲಿಗಿಗೆ ನನ್ನ ಜಾಗದಾಗ ಕುಂದ್ರು ಬಾ ಅನ್ರಿ. ಇನ್ನ ಮ್ಯಾಲೆ ನಾ ಒಳಗ ಬರೂದು ಬಿಡೂದು ಆಕೀನಽ ಹೇಳ್ಲಿ. ಬರಂಗಿಲ್ಲ ಅಂದ್ರ ನಾನಽ ಖಾನಾವಳಿ ಮುಂದ ಬಂದು ಕುಂದ್ರತೀನಿ ಅನ್ರಿ,” ಎಂದಳು.

ಹುಲಿಗೆವ್ವ ಮಧ್ಯಾಹ್ನದ ಹೊತ್ತಿಗೆ ಬಂದಳು. ಹೊರಗೆ ಕುಳಿತವಳನ್ನು ನೋಡಿದಳು, ಮೋಟು ತಲೆಯನ್ನು ನೋಡಿದಳು, ಒಳಗೆ ಹೋಗಿ ನೀಲವ್ವನ ಜಾಗದಲ್ಲಿ ಕುಳಿತಳು. ಗಂಗವ್ವ ಬುತ್ತಿಗಂಟು ಎತ್ತಿಕೊಂಡು ಹಿಂದೆ ಹೋದಳು. ಒಬ್ಬೊಬ್ಬರೇ ಉಳಿದವರೂ ಹೋದರು. ಎದುರು ಶೆಡ್ಡಿನವನು ಬಾಗಿಲು ಮುಂದೆ ಮಾಡಿದ.

ಅಲ್ಲಿಗೆ ಶೆಡ್ಡು ಉಳಿಯಿತು, ಒಡತಿ ಹೊರಗೆ ಉಳಿದಳು. ಬಿಸಿಲಿಗೆ ಚೀಲ ಸರಿಸುತ್ತಾ, ಕಿಟಕಿಯಿಂದಲೇ ಬೈಯುತ್ತಾ, ಬಂದ ಮಾಲು ನೋಡುತ್ತಾ ಕುಳಿತಿರುತ್ತಿದ್ದಳು. ಎಷ್ಟು ದಿನ ಎಂದು ಖಚಿತವಿಲ್ಲ. ವಾರ ಎಂದು ನನ್ನ ನೆನಪು, ಅದಕ್ಕಿಂತ ಹೆಚ್ಚು ಎಂದು ಖಾಜಾ. ಕೂದಲು ತೊಳೆಯುವ ನೀರಿನ ಮೋಟರ್ ಸದ್ದಿಗೆ ಬೈಗುಳ ಒಳಗೆ ಸರಿಯಾಗಿ ಮುಟ್ಟುತ್ತಿರಲಿಲ್ಲ. “ಏನಂದ್ಲೇ? ಯಾರಿಗಂದ್ಲು?” ಎಂದು ಹೆಂಗಸರು ಒಬ್ಬರನ್ನೊಬ್ಬರು ಕೇಳುತ್ತಾ ಕೆಲಸ ನಿಲ್ಲಿಸುತ್ತಿದ್ದರು. ಉದ್ದಗೂದಲಿನ ಕಟ್ಟಿಗೆ ಗಿಡ್ಡಗೂದಲು ಸೇರತೊಡಗಿತು.

ಸುದ್ದಿ ಹೇಗೋ ಮೇಡಂಗೆ ಮುಟ್ಟಿತು. “ಸರ್, ಅದ್ಭುತ! ಪಶ್ಚಾತ್ತಾಪದ ವಿಶೇಷ ಸಂಚಿಕೆ. ಹುಲಿಗೆವ್ವ, ನೀಲವ್ವ ಅಪ್ಪಿಕೊಂಡು ಅಳ್ಬೇಕು.” ಆಯ್ತು ಮೇಡಂ ಎಂದು ಹೊರಟೆ. ದಾರಿಯಲ್ಲಿ ಖಾಜಾನಿಗೆ ಕ್ಯಾಮೆರಾವನ್ನು ಜೀಪಿನಲ್ಲೇ ಬಿಡಲು ನಾನೇ ಹೇಳಿದೆ. ಇದನ್ನು ಖಾಜಾ ನಿರಾಕರಿಸುವುದಿಲ್ಲ, ಬ್ಯಾಟರಿ ಇರಲಿಲ್ಲ ಎಂದಷ್ಟೇ ಸೇರಿಸುತ್ತಾನೆ.

ನೀಲವ್ವ ನನ್ನನ್ನು ಕಂಡು, “ಮೊದಲ ಕೂದಲಾ ಹಚ್ಚಿದ್ರಿ. ಈಗೇನ್ ಹಚ್ಚಾಕ ಬಂದೀರಿ ಸರ?” ಎಂದಳು. ಅಷ್ಟರಲ್ಲಿ ಹುಲಿಗೆವ್ವ ಸೊಂಟದ ಮೇಲೆ ಕೈಯಿಟ್ಟು ಬಾಗಿಲಿಗೆ ಬಂದಳು.

“ಒಳಗ ಬಾ ಯಕ್ಕಾ ಸಾಕು. ಹೊರಗ ಕುಂತು ಬೈದ್ರ ಅರ್ಧ ಕೇಳಸಂಗಿಲ್ಲ.”

“ನಿನ್ನ ಮನಸಿಗೆ ಬಂತೇನು?”

“ಮನಸಿಗೆ ಯಾವಾಗ ಬರ್ತೈತೋ ಗೊತ್ತಿಲ್ಲ. ಕಟ್ಟು ಕೆಡಾಕತ್ತಾವು. ಮೊದಲ ಬಂದು ನೋಡು.”

ನೀಲವ್ವ ಸೀರೆ ಕೊಡವಿಕೊಂಡು ಎದ್ದಳು. ಅಪ್ಪಿಕೊಳ್ಳಲಿಲ್ಲ, ಅಳಲಿಲ್ಲ. ಹೊಸ್ತಿಲು ದಾಟುವ ಮೊದಲೇ, “ಈ ಕಟ್ಟು ಯಾವಾಕಿ ಕಟ್ಟ್ಯಾಳ? ಕಣ್ಣು ಮನ್ಯಾಗ ಬಿಟ್ಟು ಬಂದಾಳೇನು?” ಎಂದು ಶುರುವಾಯಿತು. ಒಳಗೆ ನಗು ಎದ್ದಿತು. ನನಗೂ ಸಂತೋಷ ತಡೆಯಲಾಗದೆ, ಒಂದೆರಡು ಒಳ್ಳೆಯ ಮಾತಾಡಿ ಬರೋಣವೆಂದು ಆಕೆಯ ಹಿಂದೆಯೇ ಕಾಲೆತ್ತಿದೆ. ಹುಲಿಗೆವ್ವ ಬಾಗಿಲಿಗೆ ಕೈ ಅಡ್ಡ ಹಿಡಿದಳು.

“ನೀವು ಹೊರಗಽ ಇರ್ರಿ ಸರ. ನಿಮ್ದಿನ್ನಾ ಮುಗಿದಿಲ್ಲ.”

ಗೋಣಿಚೀಲ ಖಾಲಿ ಇತ್ತು. ಕುಳಿತೆ. ಎಷ್ಟು ಹೊತ್ತು ಕುಳಿತಿದ್ದೆನೋ ನೆನಪಿಲ್ಲ, ಖಾಜಾನನ್ನೂ ಕೇಳಿಲ್ಲ. ಒಳಗೆ ನೀಲವ್ವ ಒಬ್ಬೊಬ್ಬರನ್ನೇ ಹೆಸರು ಹಿಡಿದು ಬೈಯುತ್ತಿದ್ದಳು. ಹುಲಿಗೆವ್ವ ಹೇಳಿದ್ದು ನಿಜ, ಹೊರಗೆ ಕುಳಿತವರಿಗೆ ಅರ್ಧವೇ ಕೇಳಿಸುತ್ತದೆ.